ಬೇನೆ ಎಷ್ಟು, ಬೇಲೆ ಎಷ್ಟು

ಬನ್ನಂಜೆ, 14-9-1985

ಅತ್ತಿಗೆಗೆ ಚಂಪಾಳ ನಮಸ್ಕಾರ.

ಬೆನ್ನುನೋವಿಗೆ ಯೋಗದಿಂದ ಪ್ರಯೋಜನ ಉಂಟೋ ಎಂದು ಇಲ್ಲಿ ಚಿಕ್ಕಮ್ಮನ ಮನೆ ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಬ್ಬರು ಸಂಶೋಧನೆ ನಡೆಸುತ್ತಿದ್ದಾರೆ. ಚೀಟಿ ಎತ್ತಿ ಅರ್ಧ ಜನರಿಗೆ ಆಸನ, ಉಳಿದವರಿಗೆ ಬರೀ ಮಾತ್ರೆ. ಯಾವುದು ಮೇಲೆಂದು ಡಾಕ್ಟರಮ್ಮನಿಗೇ ಇನ್ನೂ ಗೊತ್ತಿಲ್ಲವಂತೆ. ನನಗೆ ಆಸನ ಬಂತು.

ಮೊದಲ ದಿನ ಎಂತ ಆಯಿತು ಗೊತ್ತುಂಟಾ? ಡಾಕ್ಟರಮ್ಮ ಉತ್ತರದ ಕಡೆಯವರು, ನಮಗಾಗಿ ತುಳು ಕಲಿಯುತ್ತಿದ್ದಾರೆ. "ಬೇನೆ ಏತುಂಡು" ಎಂದು ನೋವು ಕೇಳುವ ಬದಲು "ಬೇಲೆ ಏತುಂಡು, ಹತ್ತರಲ್ಲಿ ಹೇಳಿ" ಎಂದು ಕೆಲಸ ಕೇಳಿಬಿಟ್ಟರು. ಅಡುಗೆ, ಗದ್ದೆ, ಬೀಡಿ ಎಲ್ಲ ನೆನೆದು ಹತ್ತು ಎಂದೆ. ಪಾಪ, ಹೆದರಿ ನನ್ನನ್ನು ಹಿಡಿದು ಕೂರಿಸಿದರು! ತಪ್ಪು ತಿಳಿದ ಮೇಲೆ ನಗುತ್ತಾ ಹತ್ತು ಹೊಡೆದುಹಾಕಿ, ನಾನು ಹೇಳಿದಂತೆ ನೋವು ಏಳು ಎಂದು ಬರೆದರು.

ಇಂದಿಗೆ ಐದು ವಾರ. ನೀವು ಪ್ರೀತಿಯಿಂದ ತಿಂಗಳುಗಟ್ಟಲೆ ಮಲಗಿಸಿದ್ದೇ ಬೆನ್ನನ್ನು ಬಿಗಿ ಮಾಡಿತಂತೆ, ಬೇಸರ ಮಾಡಬೇಡಿ. ಬಾಗುವಾಗ ಸ್ವಲ್ಪ ನೋವಾದ ಕೂಡಲೇ ಒಳಗೆ ಏನೋ ಮುರಿಯಿತು ಎಂದಲ್ಲವಂತೆ. ನಿನ್ನೆ ಚಿಕ್ಕಮ್ಮನ ಬಾವಿಯಿಂದ ಕೊಡಪಾನ ನಾನೇ ಎತ್ತಿದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಬೇನೆ ಈಗ ಮೂರು. ಬೇಲೆ ಅಲ್ಲಿ ಹತ್ತೇ ಉಂಟೆಂದು ಗೊತ್ತು. ಬೀಡಿ ಕಟ್ಟುವ ನನ್ನ ತಡ್ಪೆ, ಆ ಹಳೇ ಮೊರ, ಯಾರಿಗೂ ಕೊಡಬೇಡಿ.