ನನಗೆ ಸ್ಕೋರೇ ಇಲ್ಲವಂತೆ

ಮನೆ,
ಜೂನ್ ೮, ಭಾನುವಾರ ಮಧ್ಯಾಹ್ನ

ನಮ್ಮ ಮನೆಯವರಿಗೆ, ಸಿಟ್ಟಿನ ಜೊತೆಗೆ ಪ್ರೀತಿಯ ನಮಸ್ಕಾರ.

ಹೇಗಿದ್ದೀರಿ? ಇಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಿ ತಾನೇ? ನಾನೂ ಮಗಳೂ ಚೆನ್ನಾಗಿದ್ದೇವೆ. ಅವಳ ಮುಂದಿನ ಹಲ್ಲು ಬಿದ್ದು, 'ಸ' ಅನ್ನಲು ಹೋದರೆ ಬರೀ ಗಾಳಿ ಬರುತ್ತದೆ. ಕ್ಷೇಮಸಮಾಚಾರ ಇಷ್ಟು ಸಾಕು. ಫೋನಿನಲ್ಲಿ ನಾನು ದನಿ ಏರಿಸಿದರೆ 'ಸಿಗ್ನಲ್ ಇಲ್ಲ ಕಣೇ' ಅಂದು ಜಾರಿಕೊಳ್ಳುತ್ತೀರಿ. ಕಾಗದಕ್ಕೆ ಸಿಗ್ನಲ್ ಬೇಡ. ನಿಮ್ಮ ಹಡಗಿನ ವೆಲ್ಡರು ರಜೆ ಮುಗಿಸಿ ಹೊರಟಿದ್ದಾರೆ, ಅವರ ಕೈಲಿ ಕಳಿಸುತ್ತಿದ್ದೇನೆ. ಕೂತು ಪೂರ್ತಿ ಓದಿ.

ಹೋದ ವರ್ಷ ನೀವು ಹಡಗು ಹತ್ತಿದ ತಿಂಗಳಲ್ಲೇ ನಮ್ಮ ಪಾರ್ಲರಿನ ಒಡತಿ ನನ್ನನ್ನು ಕರೆದು, 'ನನ್ನ ಮೊಣಕಾಲು ಕೈಕೊಟ್ಟಿದೆ, ಬೇರೆಯವರಿಗೆ ಕೊಡೋಕೆ ಮನಸ್ಸಿಲ್ಲ, ಅಂಗಡಿ ನೀನೇ ತಗೋ' ಅಂದರು. ಮೂರು ಕುರ್ಚಿ, ಗೋಡೆ ತುಂಬ ಕನ್ನಡಿ, ಇಷ್ಟು ವರ್ಷ ನನ್ನ ಕತ್ತರಿಯನ್ನೇ ನಂಬಿ ಬರುವ ಹೆಂಗಸರು. ಖುಷಿಯಿಂದ ಇಸ್ತ್ರಿ ಮಾಡಿದ ಸೀರೆ ಉಟ್ಟು ಸಾಲ ಕೇಳಲು ಬ್ಯಾಂಕಿಗೆ ಹೋದೆ. ಅಲ್ಲಿನ ಅಧಿಕಾರಿಣಿ ಕಂಪ್ಯೂಟರ್ ನೋಡಿ, 'ಮೇಡಂ, ನಿಮಗೆ ಕ್ರೆಡಿಟ್ ಸ್ಕೋರೇ ಇಲ್ಲ' ಅಂದರು. ಕಡಿಮೆ ಅಲ್ಲ, ಇಲ್ಲವೇ ಇಲ್ಲ! ಪರ್ಸಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. 'ಇದು ನಿಮ್ಮ ಯಜಮಾನರ ಕಾರ್ಡಿನ ಜೊತೆ ಕೊಟ್ಟಿದ್ದು. ಉಜ್ಜೋದು ನೀವಾದ್ರೂ ಲೆಕ್ಕ ಅವರದ್ದೇ' ಅಂದರು. ಯಾರ ಹತ್ತಿರವೂ ಕೈಯೊಡ್ಡದೆ ದುಡಿದವಳು ನಾನು. ಬ್ಯಾಂಕಿನ ಕಣ್ಣಿಗೆ ನಾನಿನ್ನೂ ಹುಟ್ಟೇ ಇಲ್ಲವಂತೆ. ಸಾಲ ಮಾಡದಿದ್ದದ್ದೇ ನನ್ನ ತಪ್ಪಂತೆ!

ಹೋಗಲಿ, ಯಜಮಾನರ ಹೆಸರಿನಲ್ಲಿ ನೋಡಿ ಅಂದು, ಹೊರಡುವಾಗ ನೀವು ಬರೆದುಕೊಟ್ಟಿದ್ದ ಅಧಿಕಾರಪತ್ರ ಕೊಟ್ಟೆ. ಅವರು ಪರದೆಯನ್ನೇ ನನ್ನ ಕಡೆ ತಿರುಗಿಸಿದರು. ನಾಲ್ಕು ಕಾರ್ಡು! ನನಗೆ ಗೊತ್ತಿದ್ದದ್ದು ಎರಡು. ನಾಲ್ಕೂ ಕಂಠಮಟ್ಟ ತುಂಬಿದ್ದವು. ಒಂದರ ಬಿಲ್ಲು ಕಟ್ಟಲು ಇನ್ನೊಂದನ್ನು ಉಜ್ಜಿದ್ದೀರಿ. ತಡವಾಯಿತೆಂಬ ಸಂದೇಶಗಳೆಲ್ಲ ನೀವು ಕಪಾಟಿನಲ್ಲಿ ಬಿಟ್ಟುಹೋದ ಸಿಮ್ಮಿಗೆ ಬಂದು ಬೀಳುತ್ತಿದ್ದವು. ನಿಮ್ಮ ಸ್ಕೋರು ನೆಲ ಕಚ್ಚಿತ್ತು. ಅದನ್ನೂ ಸಹಿಸುತ್ತಿದ್ದೆ. ಆದರೆ ನಾಲ್ಕನೆಯ ಕಾರ್ಡಿನ ಮೊದಲ ಖರ್ಚು ಯಾವುದು? ನನಗೆ ಆಪರೇಷನ್ ಆದ ಆಸ್ಪತ್ರೆಯದು. 'ವಿಮೆಯವರು ಎಲ್ಲಾ ಕೊಟ್ರು, ನೀನು ಆರಾಮಾಗಿ ಮಲಗು' ಅಂದಿದ್ದಿರಲ್ಲ? ನಾನು ಪೆದ್ದಿಯ ಹಾಗೆ ಪಾರ್ಲರಿಗೆ ಬಂದವರಿಗೆಲ್ಲ ಆ ವಿಮೆಯನ್ನು ಹೊಗಳಿದ್ದೇ ಹೊಗಳಿದ್ದು! ನಿಮ್ಮ ಮನಸ್ಸು ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ಆದರೆ ಹೊಟ್ಟೆ ಕೊಯ್ಯಿಸಿಕೊಂಡವಳು ನಾನು. ಅದಕ್ಕೆಷ್ಟಾಯಿತೆಂದು ತಿಳಿದುಕೊಳ್ಳುವಷ್ಟು ದೊಡ್ಡವಳಾಗಿರಲಿಲ್ಲವೇ? ಅಲ್ಲೇ ಕೂತು ಅತ್ತುಬಿಟ್ಟೆ ಅಂದುಕೊಳ್ಳಬೇಡಿ. ಮೈಯೆಲ್ಲ ಉರಿಯಿತು.

ಆ ಅಧಿಕಾರಿಣಿ ಒಳ್ಳೆಯವರು. ಊಟದ ಬಿಡುವಿನಲ್ಲೂ ಕೂತು ಬಿಡಿಸಿ ಹೇಳಿದರು. ಮೊದಲು ತಡವಾದ ಕಂತು ಕಟ್ಟಿದೆ. ಆಮೇಲೆ ಮೂರು ಕಾರ್ಡಿಗೆ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತ, ಬಡ್ಡಿ ಹೆಚ್ಚು ಕೀಳುವ ಒಂದಕ್ಕೆ ಕೈಲಿದ್ದದ್ದೆಲ್ಲ ಸುರಿದೆ. ಅದು ತೀರಿದ ಮೇಲೆ ಮುಂದಿನದಕ್ಕೆ ಹೊರಳಿದೆ. ರಜೆಯ ದಿನಗಳಲ್ಲಿ ಮನೆಮನೆಗೆ ಹೋಗಿ ಕೂದಲು ಕತ್ತರಿಸಿದೆ. ನಿಮ್ಮ ಬೈಕು ಮಾರಿದೆ. ಬೈದುಕೊಳ್ಳುವುದಾದರೆ ಬೈದುಕೊಳ್ಳಿ, ಅದಕ್ಕೆ ತಕ್ಕ ಉತ್ತರ ನನ್ನ ಹತ್ತಿರ ಇದೆ. ವರ್ಷವರ್ಷ ಶುಲ್ಕ ಕೀಳುವ ಎರಡು ಕಾರ್ಡು ಮುಚ್ಚಿಸಿದೆ. ನಿಮ್ಮ ಮೊದಲ ಕೆಲಸದ ಕಾಲದ ಕಾರ್ಡನ್ನೂ ಕತ್ತರಿಸಲು ಹೊರಟಿದ್ದೆ, ಆಕೆ ತಡೆದರು: 'ಹಳೇದು ಇರಲಿ ಮೇಡಂ, ಅಷ್ಟು ವರ್ಷ ಸರಿಯಾಗಿ ಕಟ್ಟಿದ್ದಕ್ಕೆ ಅದೇ ಸಾಕ್ಷಿ.' ನನ್ನ ಉಳಿತಾಯವನ್ನು ಠೇವಣಿ ಇಟ್ಟು ನನ್ನದೇ ಹೆಸರಿನಲ್ಲಿ ಒಂದು ಕಾರ್ಡು ಮಾಡಿಸಿದೆ. ಅದರಲ್ಲಿ ಕೊಳ್ಳುವುದು ಪಾರ್ಲರಿನ ಶಾಂಪೂ ಮಾತ್ರ, ಮಿತಿಯ ಕಾಲುಭಾಗವೂ ದಾಟುವುದಿಲ್ಲ. ಬಿಲ್ಲು ಬಂದ ದಿನವೇ ಪೂರ್ತಿ ಕಟ್ಟುತ್ತೇನೆ. ಒಡತಿ ಪಾಪ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಇಷ್ಟು ತಿಂಗಳೂ ನನಗಾಗಿ ಕಾದರು. ಹೋದ ವಾರ ಅಧಿಕಾರಿಣಿಯೇ ಫೋನ್ ಮಾಡಿ, 'ಈಗ ನಮ್ಮ ಕಂಪ್ಯೂಟರಿಗೆ ಕಾಣಿಸ್ತಿದೀರಾ ಮೇಡಂ' ಅಂದು ನಕ್ಕರು. ಸಾಲ ಮಂಜೂರಾಗಿದೆ, ನನ್ನ ಹೆಸರಿಗೇ. ಮುಂದಿನ ತಿಂಗಳು ಬೀಗದ ಕೈ ನನ್ನ ಕೈಗೆ ಬರುತ್ತದೆ.

ಇನ್ನು ಮುಂದೆ ದುಡ್ಡಿನ ವಿಷಯದಲ್ಲಿ 'ಅದೆಲ್ಲ ನಿನಗ್ಯಾಕೆ' ಎಂಬ ಮಾತು ಈ ಮನೆಯಲ್ಲಿ ಕೇಳಬಾರದು. ಬೆವರಿದ ಮೈಯಲ್ಲಿ ಗಾಳಿಗೆ ನಿಲ್ಲಬೇಡಿ. ಮಗಳು ಮುತ್ತು ಕಳಿಸಿದ್ದಾಳೆ. ನಾನು ಸದ್ಯಕ್ಕೆ ಕಳಿಸುತ್ತಿಲ್ಲ.

ಇಂತಿ,
ಇನ್ನೂ ಮುನಿದುಕೊಂಡೇ ಇರುವ ನಿಮ್ಮವಳು

ಮ.ವಿ.: ವೆಲ್ಡರು ಕಾಗದಕ್ಕೆಂದು ಬಂದು ಹೊರಗೆ ಕೂತಿದ್ದಾರೆ. ಈಗಷ್ಟೇ ಬಾಯಿಬಿಟ್ಟರು. ನೀವು ಇನ್ನೂ ಒಂದು ವರ್ಷ ಹಡಗಿನಲ್ಲೇ ಇರುತ್ತೇನೆಂದು ಅರ್ಜಿ ಕೊಟ್ಟಿದ್ದೀರಂತೆ, 'ಮನೇಲಿ ಹೇಳ್ಬೇಡಿ' ಅಂದಿದ್ದೀರಂತೆ. ಯಾಕೆಂದು ನನಗೆ ಗೊತ್ತು. ಕೊನೆಯ ಕಾರ್ಡಿನ ಬಾಕಿಯೂ ಮೊನ್ನೆ ತೀರಿತು, ಒಂದು ಪೈಸೆ ಉಳಿದಿಲ್ಲ. ಅರ್ಜಿ ಇವತ್ತೇ ವಾಪಸ್ ತೆಗೆದುಕೊಂಡು ಬಂದುಬಿಡಿ. ಬೈಯಲು ಇನ್ನೂ ಬಹಳ ಇದೆ, ಎದುರಿಗೆ ಕೂರಿಸಿಕೊಂಡೇ ಬೈಯಬೇಕು.