ಅಮ್ಮನನ್ನು ಅಲ್ಲಗಳೆದ ಲೇಖನ

ಭಾನುವಾರ, ಮಧ್ಯಾಹ್ನ

ಮುದ್ದು ಗುಬ್ಬಿ,

ಎರಡು ತಿಂಗಳಿಂದ ನೀನು ನಿನ್ನಪ್ಪನಿಗೆ ಮಾತ್ರ ಫೋನ್ ಮಾಡುತ್ತಿದ್ದೀಯೆ. “ಅಮ್ಮ ಏನಾದ್ರೂ ಓದಿದ್ಲಾ? ಏನಾದ್ರೂ ಅಂದ್ಲಾ?” ಎಂದು ಪಿಸುಗುಟ್ಟುತ್ತೀಯಂತೆ. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದನ್ನು ಇಷ್ಟು ವಯಸ್ಸಾದರೂ ನೀನು ಕಲಿಯಲಿಲ್ಲವಲ್ಲ. ಹೌದು, ಓದಿದೆ. ಬಂದ ದಿನವೇ ಓದಿದೆ.

ನನ್ನ ಲೇಖನವನ್ನು ಯಾರಾದರೂ ಉಲ್ಲೇಖಿಸಿದರೆ ನನ್ನ ಕಂಪ್ಯೂಟರಿಗೆ ಸೂಚನೆ ಬರುತ್ತದೆ. ಅವತ್ತೂ ಬಂತು. ಥೈರಾಯ್ಡ್ ಸ್ವಲ್ಪವೇ ಕಡಿಮೆಯಿರುವ ವಯಸ್ಸಾದ ಹೆಂಗಸರಿಗೆ ಬೇಗನೆ ಮಾತ್ರೆ ಶುರುಮಾಡುವುದು ಒಳ್ಳೆಯದು ಎಂದು ನಾನು ಬರೆದಿದ್ದೆನಲ್ಲ, ನನ್ನ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವ ಆ ಲೇಖನ, ಅದಕ್ಕೆ ಹೊಸ ಉಲ್ಲೇಖ. ಖುಷಿಯಿಂದ ತೆರೆದೆ. ಬರೆದವರ ಜಾಗದಲ್ಲಿ ಮಗಳ ಹೆಸರು. ಕೊನೆಯ ಸಾಲಿನಲ್ಲಿ ತೀರ್ಮಾನ: ಮಾತ್ರೆಯಿಂದ ಅವರಿಗೆ ಲಾಭವಿಲ್ಲ, ಕೆಲವರಿಗೆ ಎದೆಬಡಿತದ ತೊಂದರೆ.

ಸುಳ್ಳು ಹೇಳುವುದಿಲ್ಲ ಗುಬ್ಬಿ, ನೋವಾಯಿತು. ತೀರ್ಮಾನಕ್ಕಲ್ಲ, ನೀನು ಮೊದಲೇ ಹೇಳಲಿಲ್ಲವಲ್ಲ ಎಂದು. ಒಂದು ವಾರ ಮೊಸರಲ್ಲಿ ಕಲ್ಲು ಹುಡುಕಿದೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನಿನ್ನ ಒಂದೊಂದು ಕೋಷ್ಟಕವನ್ನೂ ಮತ್ತೆ ಲೆಕ್ಕ ಹಾಕಿದೆ. ನಾನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಗೊಣಗುವುದನ್ನು ಕಂಡು ನಿನ್ನಪ್ಪ, “ಅವಳು ನಿನ್ನ ವೈರಿಯೇನೇ? ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ, ನೀನು ಚಿನ್ನದಂಥವಳನ್ನ ಒರೆಗಲ್ಲಿಗೆ ತಿಕ್ತಾ ಕೂತಿದ್ದೀಯ” ಎಂದರು. ತಿಕ್ಕಿದ ಮೇಲೆಯೇ ಗೊತ್ತಾಗುವುದು ಎಂದೆ. ಗೊತ್ತಾಯಿತು. ಮೂರನೆಯ ಕೋಷ್ಟಕದಲ್ಲಿ ಒಂದು ದಶಾಂಶ ಬಿಂದು ಜಾರಿದೆ. ತೀರ್ಮಾನಕ್ಕೇನೂ ಧಕ್ಕೆಯಿಲ್ಲ, ಆದರೂ ತಿದ್ದುಪಡಿ ಕಳಿಸಿಬಿಡು. ಉಳಿದದ್ದೆಲ್ಲ ಗಟ್ಟಿಯಾಗಿದೆ. ನಮ್ಮ ಕೈಗೆ ಆಗ ಸಿಕ್ಕ ರೋಗಿಗಳು ಕೆಲವೇ ಜನ, ಅವರನ್ನು ನೋಡಿದ್ದೂ ಸ್ವಲ್ಪ ಕಾಲ. ನೀನು ಅಂಥ ಬಹಳ ಜನರನ್ನು ವರ್ಷಗಟ್ಟಲೆ ಬಿಡದೆ ನೋಡಿದ್ದೀಯೆ.

ಆಸ್ಪತ್ರೆಯ ವಿಭಾಗದ ಸಭೆಯಲ್ಲಿ ವಿಷಯ ಬಂದಾಗ ಯಾರೂ ನನ್ನ ಮುಖ ನೋಡಲಿಲ್ಲ. ಹಿರಿಯ ವೈದ್ಯರೊಬ್ಬರು ಆಮೇಲೆ ನನ್ನನ್ನು ಕಾರಿಡಾರಿಗೆ ಕರೆದು, “ಮಗಳಿಗೆ ಸ್ವಲ್ಪ ಹೇಳಬಹುದಿತ್ತಲ್ಲ ಮೇಡಂ. ಮನೆ ಮಾತು ಮನೇಲೇ ಮುಗೀತಿತ್ತು” ಎಂದರು, ಸಾವಿನ ಮನೆಗೆ ಬಂದವರ ದನಿಯಲ್ಲಿ. “ಮಾತ್ರೆ ನುಂಗೋದು ಊರೋರು ಸಾರ್, ಅದು ಮನೆ ಮಾತು ಹೇಗಾಗುತ್ತೆ?” ಎಂದೆ. ಮುಂದಿನ ಸಭೆಯಲ್ಲಿ ನಿನ್ನ ಲೇಖನವನ್ನು ನಾನೇ ಎದ್ದು ನಿಂತು ವಿವರಿಸಿದೆ. ಈಗ ನಮ್ಮಲ್ಲಿ ಬೇಗನೆ ಮಾತ್ರೆ ಶುರುಮಾಡುವ ಆ ಪದ್ಧತಿ ಬದಲಾಗಿದೆ. ನನ್ನ ಹಳೆಯ ಲೇಖನ ಪ್ರಕಟವಾದ ಪತ್ರಿಕೆಗೂ ಬರೆದಿದ್ದೇನೆ: ಇನ್ನು ಇದನ್ನು ಓದುವವರು ನಿನ್ನದನ್ನೂ ಓದಲಿ, ಅಂಥ ಒಂದು ಟಿಪ್ಪಣಿ ಸೇರಿಸಿ ಎಂದು.

ರೋಗಿಗಳ ಎದುರು ಹೇಳುವುದೇ ಕಷ್ಟವಾಗಿತ್ತು. ನಾನು ಬರೆದುಕೊಟ್ಟ ಆ ಮಾತ್ರೆ ನುಂಗುತ್ತಿದ್ದ ಹೊಲಿಗೆ ಅಂಗಡಿಯ ಅಜ್ಜಿಯೊಬ್ಬರಿಗೆ ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಇಳಿಸೋಣ ಎಂದಾಗ ಅವರು ನೇರವಾಗಿ ಕೇಳಿದರು: “ಮತ್ತೆ ಇಷ್ಟು ವರ್ಷ ಯಾಕೆ ಕೊಟ್ರಿ?”

“ಆಗ ನಮಗೆ ಗೊತ್ತಿದ್ದದ್ದು ಅಷ್ಟೇ ಅಮ್ಮಾ. ಈಗ ನನ್ನ ಮಗಳು ಇನ್ನೂ ಚೆನ್ನಾಗಿ ನೋಡಿ ಹೇಳಿದ್ದಾಳೆ” ಎಂದೆ.

“ಮಗಳಾ?” ಎಂದು ಅವರು ನಕ್ಕೇಬಿಟ್ಟರು. “ನನ್ನವಳೂ ಹಾಗೇ. ನಾನು ಹೊಲಿದದ್ದನ್ನೆಲ್ಲ ಬಿಚ್ಚಿ ಮತ್ತೆ ಹೊಲೀತಾಳೆ. ಮೈಯೆಲ್ಲ ಉರಿಯುತ್ತೆ, ಆದರೆ ಗಿರಾಕಿಗಳು ಅವಳನ್ನೇ ಕೇಳ್ಕೊಂಡು ಬರ್ತಾರೆ.”

ಇನ್ನೊಂದು ತಮಾಷೆ ಕೇಳು. ನನ್ನ ಉಲ್ಲೇಖಗಳ ಸಂಖ್ಯೆ ಈಗ ಹಿಂದೆಂದಿಗಿಂತ ಜೋರಾಗಿ ಏರುತ್ತಿದೆ. ನಿನ್ನನ್ನು ಹೊಗಳುವವರೆಲ್ಲ ಮೊದಲು ನನ್ನನ್ನು ತೆಗಳಬೇಕಲ್ಲ! ಎಣಿಸುವ ಯಂತ್ರಕ್ಕೆ ಹೊಗಳಿಕೆಯೂ ಒಂದೇ, ತೆಗಳಿಕೆಯೂ ಒಂದೇ. ವಿಭಾಗದ ಮುಖ್ಯಸ್ಥರು ವಾರ್ಷಿಕ ವರದಿಗೆಂದು ಆ ಸಂಖ್ಯೆಯನ್ನು ಸಂಭ್ರಮದಿಂದ ಬರೆದುಕೊಂಡು ಹೋದರು.

ನೀನು ಹೆದರಿ ಹೇಳಲಿಲ್ಲ ಎಂದು ನನಗೆ ಗೊತ್ತು. ಹೇಳಿದ್ದರೆ ನಾನು ಅಳುತ್ತಿದ್ದೆನೇನೋ. ನನ್ನ ಅಳು ಕಂಡು ನೀನು ಒಂದು ವಾಕ್ಯವನ್ನಾದರೂ ಮೆತ್ತಗೆ ಮಾಡುತ್ತಿದ್ದೆ. ಅದಕ್ಕಿಂತ ಇದೇ ಒಳ್ಳೆಯದಾಯಿತು. ನನ್ನ ಬಗ್ಗೆ ನೀನು ಬರೆದ ಸಾಲಿನಲ್ಲಿ ಅಮ್ಮನೆಂಬ ದಾಕ್ಷಿಣ್ಯ ಎಲ್ಲೂ ಇಲ್ಲ. ಅದನ್ನು ಓದಿ ನಾನು ಎಷ್ಟು ಉಬ್ಬಿದೆನೆಂದರೆ, ನಿನ್ನಪ್ಪನಿಗೆ ಜೋರಾಗಿ ಓದಿ ಹೇಳಿದೆ. ಅವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. “ಬೈದಿದ್ದಾಳಾ, ಹೊಗಳಿದ್ದಾಳಾ?” ಎಂದು ಕೇಳಿದರು. ಎರಡೂ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ನೋಡಿದ್ದಾಳೆ ಎಂದೆ.

ಇನ್ನು ಮೇಲೆ ನನಗೇ ಫೋನ್ ಮಾಡು.

ನಿನ್ನ ಪ್ರೀತಿಯ,
ಅಮ್ಮ

ಮರೆತಿದ್ದೆ: ಆ ಮಾತ್ರೆಯನ್ನು ಕೆಲವು ವರ್ಷಗಳಿಂದ ನಾನೂ ನುಂಗುತ್ತಿದ್ದೆ, ನನ್ನ ಲೇಖನವನ್ನೇ ನಂಬಿಕೊಂಡು. ಎದೆ ಡವಡವ ಎನ್ನುತ್ತಿದ್ದದ್ದನ್ನು ವಯಸ್ಸಿನ ಮೇಲೆ ಹಾಕಿ, ನಿಮ್ಮಿಬ್ಬರಿಗೂ ಹೇಳಿರಲಿಲ್ಲ. ನಿನ್ನದನ್ನು ಓದಿದ ಮೇಲೆ ನನ್ನ ಡಾಕ್ಟರ ಹತ್ತಿರ ಹೋದೆ. ಅವರು ಮಾತ್ರೆ ನಿಲ್ಲಿಸಿ ತಿಂಗಳ ಮೇಲಾಯಿತು. ನಿನ್ನೆ ಮಧ್ಯಾಹ್ನ ಸುಮ್ಮನೆ ಎಡಮಗ್ಗುಲಿಗೆ ಒರಗಿದ್ದೆ. ಹಿಂದೆ ಹಾಗೆ ಒರಗಿದರೆ ಕಿವಿಗೆ ಬಡಿಯುತ್ತಿದ್ದ ಎದೆಯ ಸದ್ದು ಕೇಳಿಸಲೇ ಇಲ್ಲ. ಸಂಜೆ ನಿನ್ನಪ್ಪ ಬಂದು ಎಬ್ಬಿಸುವವರೆಗೂ ನಿದ್ದೆ ಹೋಗಿಬಿಟ್ಟಿದ್ದೆ.