ಏಡಿ ಬಿಲದ ಕೈ

ಸಾಗರ,
ನವೆಂಬರ್ ೧೯೬೨, ಸೋಮವಾರ

ಅಕ್ಕ ದುಗ್ಗಮ್ಮನಿಗೆ ತಮ್ಮ ಶೇಷಪ್ಪ ಬರೆಯೋದು,

ಈ ಕಾಗದ ಮುಟ್ಟಿದ ಕೂಡಲೇ ಭತ್ತ ಕೊಯ್ಯಿ. ಕಾಳು ಬಲಿಯದಿದ್ರೂ ಕೊಯ್ಯಿ, ದನಕ್ಕಾದ್ರೂ ಆಗ್ತದೆ. ಗುರುವಾರ ಬುಲ್ಡೋಜರ್ ನಮ್ಮ ಗದ್ದೆ ಮೇಲೆ ಅಣೆಕಟ್ಟಿನ ರಸ್ತೆ ಹೊಡೆಯೋಕೆ ಬರ್ತದೆ.

ಅದು ನಮ್ಮ ರಿಪೇರಿ ಶೆಡ್ಡಿನಲ್ಲಿ ಕೆಟ್ಟು ನಿಂತಿತ್ತು. ಎಂಜಿನ್ನಿನ ಬಿಸಿಹೊಗೆ ಹಾಯುವ ಟರ್ಬೊ ಬಿರುಕು ಬಿಟ್ಟಿತ್ತು. ಅದರ ಹಿಂಬದಿಯ ಬೋಲ್ಟು ಕಣ್ಣಿಗೆ ಕಾಣೋದಿಲ್ಲ, ಯಾರ ಕೈಯೂ ತೂರೋದಿಲ್ಲ. "ಶೇಷಪ್ಪನ್ನ ಕರೀರೋ, ಅವಂದು ಸೂಲಗಿತ್ತಿ ಕೈ" ಅಂದ ಮೇಸ್ತ್ರಿ. ಎಲ್ಲ ನಕ್ಕರು. ನಾನು ಚಿಕ್ಕವನಿದ್ದಾಗ ಗದ್ದೆ ಅಂಚಿನ ಏಡಿ ಬಿಲಕ್ಕೆ ನನ್ನ ಕೈ ಹಿಡಿದು ನೀನು ತೂರಿಸ್ತಿದ್ದೆಯಲ್ಲ, ಅದೇ ಕೈ. ತುಕ್ಕಿಗೆ ಸೀಮೆಎಣ್ಣೆ ಕುಡಿಸಿ ಬಿಚ್ಚಿದೆ.

ಹೊಸ ಟರ್ಬೊ ಕೂರಿಸುವಾಗ ಯಂತ್ರ ಮತ್ತೆ ಕೆಟ್ಟು ನಿಲ್ಲಲಿ ಅಂತ ಆ ಒಂದು ಬೋಲ್ಟನ್ನ ಸಡಿಲ ಬಿಡೋಣ ಅನ್ನಿಸ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೆ ಬೆಂಕಿಹೊಗೆ ಹೊಡೆಯೋದು ಡ್ರೈವರ್ ಚಂದ್ರಯ್ಯನ ಮುಖಕ್ಕೆ. ಅವನ ಗದ್ದೆಯೂ ಅಣೆಕಟ್ಟಿಗೇ ಹೋಗಿದೆ, ಹೊಟ್ಟೆಪಾಡಿಗೆ ಇದನ್ನ ಓಡಿಸ್ತಾನೆ. ರಸ್ತೆ ಹಾಕಿಸೋರ ಮುಖಕ್ಕೆ ಮಸಿ ಕೂಡ ತಾಗೋದಿಲ್ಲ. ಎಂಥಾ ಏರ್ಪಾಡು ನೋಡು! ಗೇಣಿ ಹೋರಾಟದಲ್ಲಿ ಧಣಿಯ ಎದುರು ನಿಂತು ಜೈಲು ಕಂಡವನು ನಾನು. ಇಲ್ಲಿ ಯಾರ ಎದುರು ನಿಲ್ಲಲಿ?

ಬಿಗಿದುಬಿಟ್ಟೆ.

ಕೊಯ್ಲಿಗೆ ಬರಲಾರೆ, ರಜ ಕೊಡಲಿಲ್ಲ. ಕಾಗದವನ್ನ ಹೊಸನಗರದ ಬಸ್ಸಿನವನ ಕೈಲಿ ಕಳಿಸಿದೀನಿ. ಯಂತ್ರ ಬಂದ ದಿನ ಅಡ್ಡ ಮಲಗ್ತೀನಿ ಅಂದಿದ್ದೆಯಲ್ಲ, ಬೇಡ ಅಕ್ಕ. ಚಂದ್ರಯ್ಯ ಒಳ್ಳೆಯವನೇ. ಆದ್ರೆ ಅದರ ಬ್ರೇಕು ನೋಡಿದ್ದು ನಾನಲ್ಲ.

ನಿನ್ನ ತಮ್ಮ,
ಶೇಷಪ್ಪ